ಯಾರ ಭಾಷೆ ಹಳೆಯದು? ಕಲ್ಲಿನ ಮೇಲೆ ಮೂರು ಭಾಷೆ, ಜಾಲತಾಣದಲ್ಲಿ ಒಂದೇ ಉತ್ತರ

2025ರ ಮೇ ತಿಂಗಳ ಕೊನೆಯಲ್ಲಿ ಚೆನ್ನೈನ ವೇದಿಕೆಯೊಂದರಲ್ಲಿ ನಟ ಕಮಲ್ ಹಾಸನ್ ಆಡಿದ ಒಂದು ಮಾತು ಸುಪ್ರೀಂ ಕೋರ್ಟ್‌ವರೆಗೆ ಹೋಗಿದ್ದು ಓದುಗರಿಗೆ ನೆನಪಿರಬಹುದು. 'ಥಗ್ ಲೈಫ್' ಚಿತ್ರದ ಆಡಿಯೋ ಬಿಡುಗಡೆ ಸಮಾರಂಭ. ಎದುರಿಗೆ ಅತಿಥಿಯಾಗಿ ಶಿವರಾಜ್‌ಕುಮಾರ್ ಕುಳಿತಿದ್ದರು. ಪ್ರೀತಿಯ ಮಾತಿನ ನಡುವೆ, ಕನ್ನಡ ತಮಿಳಿನಿಂದ ಹುಟ್ಟಿದ್ದು ಎಂಬ ಅರ್ಥದ ಮಾತೂ ಬಂತು. ಕ್ಷಮೆ ಕೇಳದಿದ್ದರೆ ಚಿತ್ರ ಬಿಡುಗಡೆ ಇಲ್ಲ ಎಂದಿತು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ. ಯಾವ ಆಧಾರದ ಮೇಲೆ ಹೇಳಿದಿರಿ, ನೀವೇನು ಇತಿಹಾಸಕಾರರೇ ಎಂದು ಹೈಕೋರ್ಟ್ ಪ್ರಶ್ನಿಸಿತು. ಜೂನ್ 5ರಂದು ಉಳಿದೆಡೆ ತೆರೆಕಂಡ ಚಿತ್ರ ಕರ್ನಾಟಕದಲ್ಲಿ ಬರಲಿಲ್ಲ. ಕೊನೆಗೆ, ಗುಂಪುಗಳ ಬೆದರಿಕೆಗೆ ಮಣಿದು ಚಿತ್ರ ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಇಷ್ಟೆಲ್ಲ ಗದ್ದಲಕ್ಕೆ ಕಾರಣವಾದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದ್ದೇನಲ್ಲ. ಕನ್ನಡ ಮತ್ತು ತಮಿಳು ತಾಯಿ-ಮಗಳಲ್ಲ. ಇಂದು ಉಳಿದಿರದ ಒಂದು ಮೂಲ ದ್ರಾವಿಡ ಭಾಷೆಯಿಂದ ಕವಲೊಡೆದ ಸೋದರ ಭಾಷೆಗಳು. ಭದ್ರಿರಾಜು ಕೃಷ್ಣಮೂರ್ತಿ ಅವರ 'ದಿ ದ್ರಾವಿಡಿಯನ್ ಲ್ಯಾಂಗ್ವೇಜಸ್' (2003) ಕೃತಿ ಹೇಳುವುದೂ ಇದನ್ನೇ. ಭಾಷಾಶಾಸ್ತ್ರದ ವಿದ್ಯಾರ್ಥಿಗೆ ಇದು ಆರಂಭದ ಪಾಠ. ಆದರೆ ಆ ಮೂರು ವಾರ ಈ ಪಾಠಕ್ಕೆ ಕಿವಿಗೊಟ್ಟವರು ಕಡಿಮೆ. 'ಸೋದರಿಯರು' ಎಂದವರು ತಮಿಳು ಪರಂಪರೆಯ ಬಳಗಗಳಲ್ಲಿ ತಮಿಳು ವಿರೋಧಿಗಳಾದರು. ಕನ್ನಡದ ಬಳಗಗಳಲ್ಲಿ ಹಾಗೆಂದವರು ಸ್ವಾಭಿಮಾನವಿಲ್ಲದವರಾದರು. ಚೆನ್ನೈನಲ್ಲಿ ನೆಲೆಸಿ ಎರಡೂ ಕಡೆಯ ಗುಂಪುಗಳಲ್ಲಿರುವ ಕನ್ನಡಿಗನ ಪಾಡು ಕೇಳುವುದೇ ಬೇಡ.

ಅನುಮಾನಕ್ಕೆ ಜಾಗವಿಲ್ಲ

ಈ ಬಳಗಗಳಲ್ಲಿರುವವರು ಯಾರೋ ಪುಂಡರಲ್ಲ. ಸಾಫ್ಟ್‌ವೇರ್ ಉದ್ಯೋಗಿಗಳು, ಬ್ಯಾಂಕ್ ನೌಕರರು, ನಿವೃತ್ತ ಮೇಷ್ಟ್ರುಗಳು. ಪರಂಪರೆಯ ಮೇಲೆ ಇವರಿಗಿರುವ ಪ್ರೀತಿ ನಿಜವಾದದ್ದು. ಇಂಥ ಹವ್ಯಾಸಿಗಳಿಂದಲೇ ಒಳ್ಳೆಯ ಕೆಲಸಗಳೂ ಆಗಿವೆ. ಬೆಂಗಳೂರಿನ ಹೆಬ್ಬಾಳದಲ್ಲಿ ಎಂಟನೇ ಶತಮಾನದ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಬೆಳಕಿಗೆ ಬಂದಾಗ ಅದನ್ನು ಕಾಪಾಡಲು ಓಡಾಡಿದವರು ಇವರೇ. ಮಿಥಿಕ್ ಸೊಸೈಟಿ ನಗರದ ಸುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿರುವುದರ ಹಿಂದೆಯೂ ಅದೇ ಆಸಕ್ತಿ ಇದೆ. ಕಲ್ಲಿನ ಮುಂದೆ ಕೂತು ಸವೆದ ಅಕ್ಷರ ಓದುವವರಿಗೆ 'ಇದು ಹೀಗೂ ಇರಬಹುದು' ಎನ್ನುವುದು ಅಭ್ಯಾಸವಾಗುತ್ತದೆ. ಫಾರ್ವರ್ಡ್ ಮಾಡುವವರಿಗೆ ಆ ಕಷ್ಟವಿಲ್ಲ.

ಹಲ್ಮಿಡಿಯನ್ನೇ ನೋಡಿ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಈ ಶಾಸನದಲ್ಲಿ ಕಾಲದ ಉಲ್ಲೇಖವೇ ಇಲ್ಲ. ಕ್ರಿ.ಶ. 450 ಎಂಬುದು ಲಿಪಿ ಮತ್ತು ಹೆಸರುಗಳನ್ನು ನೋಡಿ ಹಾಕಿದ ಅಂದಾಜು. ಇನ್ನಷ್ಟು ಈಚೆಗೆ ತರುವ ವಿದ್ವಾಂಸರೂ ಇದ್ದಾರೆ. ಶಿವಮೊಗ್ಗ ಜಿಲ್ಲೆಯ ತಾಳಗುಂದದ ಸಿಂಹಕಟಾಂಜನ ಶಾಸನಕ್ಕೆ ಕ್ರಿ.ಶ. 370ರ ಕಾಲ ಹೇಳಲಾಯಿತು, ಅದರ ಬಗ್ಗೆಯೂ ಚರ್ಚೆ ಇದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಗ್ರೀಕ್ ಪ್ರಹಸನದಲ್ಲಿ ಕನ್ನಡ ಮಾತುಗಳಿವೆ ಎಂದು ಜರ್ಮನ್ ವಿದ್ವಾಂಸ ಹುಲ್ಟ್ಸ್ 1904ರಲ್ಲಿ ಸೂಚಿಸಿದ್ದರು. ಅದು ತುಳು ಎಂದವರಿದ್ದಾರೆ, ನಗಿಸಲು ಬರೆದ ಅರ್ಥವಿಲ್ಲದ ಶಬ್ದಗಳು ಎಂದವರೂ ಇದ್ದಾರೆ. ವಿದ್ವಾಂಸರ ಬರಹದಲ್ಲಿ 'ಬಹುಶಃ' ಎಂದಿದ್ದದ್ದು ಪೋಸ್ಟರ್ ಆಗುವಷ್ಟರಲ್ಲಿ 'ಖಂಡಿತ' ಆಗಿರುತ್ತದೆ. ಯಾರಾದರೂ ಆಕ್ಷೇಪ ಎತ್ತಿದರೆ ಬರುವ ಮೊದಲ ಪ್ರಶ್ನೆ ಆಧಾರದ್ದಲ್ಲ. ನೀವು ಯಾವ ಕಡೆಯವರು ಎನ್ನುವುದು.

ಇದು ಕನ್ನಡದವರ ಜಾಯಮಾನ ಮಾತ್ರವಲ್ಲ. ಶ್ರವಣಬೆಳಗೊಳದ ಗೊಮ್ಮಟನ ಕಾಲ ಬಳಿ ಕನ್ನಡ, ತಮಿಳು, ಮರಾಠಿ ಮೂರರಲ್ಲೂ ಬರಹಗಳಿವೆ. ಚಾವುಂಡರಾಯ ಮೂರ್ತಿಯನ್ನು ಮಾಡಿಸಿದ ವಿಷಯ ಮೂರರಲ್ಲೂ ಇದೆ. ಆದರೆ ಮುಂಬೈ, ಪುಣೆಯಲ್ಲಿ ಹರಿದಾಡುವ ಚಿತ್ರದಲ್ಲಿ 'ಮರಾಠಿಯ ಮೊದಲ ವಾಕ್ಯ' ಮಾತ್ರ ಇರುತ್ತದೆ. ಅಲಿಬಾಗ್ ಬಳಿಯ ಆಕ್ಷಿ ಶಾಸನವೇ ಹಳೆಯದು ಎನ್ನುವ ಮರಾಠಿ ವಿದ್ವಾಂಸರ ವಾದಕ್ಕೂ ಅಲ್ಲಿ ಜಾಗವಿಲ್ಲ. ತೆಲಂಗಾಣದ ಕರೀಂನಗರ ಸೀಮೆಯ ಕುರ್ಕ್ಯಾಲ ಶಾಸನ ಇನ್ನೂ ಸ್ವಾರಸ್ಯದ್ದು. ಹತ್ತನೇ ಶತಮಾನದಲ್ಲಿ ಪಂಪನ ತಮ್ಮ ಜಿನವಲ್ಲಭ ಬಂಡೆಯ ಮೇಲೆ ಬರೆಸಿದ್ದು ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿ. ತೆಲುಗರಿಗೆ ಅದು ತಮ್ಮ ಅತಿ ಹಳೆಯ ಕಂದಪದ್ಯಗಳ ತಾಣ, ಕನ್ನಡಿಗರಿಗೆ ಪಂಪನ ಮನೆತನದ ದಾಖಲೆ. ಹೈದರಾಬಾದಿನಿಂದ ಅಲ್ಲಿಗೆ ಹೋದವರು ತಮ್ಮ ಸಾಲುಗಳಷ್ಟನ್ನೇ ಫೋಟೊ ಹಿಡಿದು ಬರುತ್ತಾರೆ. ಜಿನವಲ್ಲಭನಿಗೆ ಮಾತ್ರ ಮೂರೂ ಬೇಕಿದ್ದವು!

ಹಳೆಯದಾದಷ್ಟೂ ಲಾಭ

ಈ ಪೈಪೋಟಿಗೆ ಸರ್ಕಾರದ ಪಾಲೂ ಇದೆ. ಕೇಂದ್ರ 2004ರಲ್ಲಿ ತಮಿಳಿಗೆ ಶಾಸ್ತ್ರೀಯ ಭಾಷೆಯ ಸ್ಥಾನ ಕೊಟ್ಟಾಗ ಕೇಳಿದ್ದು ಸಾವಿರ ವರ್ಷದ ಪ್ರಾಚೀನತೆ. ಮರು ವರ್ಷ ಅದನ್ನು 1500ರಿಂದ 2000 ವರ್ಷಕ್ಕೆ ಏರಿಸಲಾಯಿತು. ಕನ್ನಡ ಮತ್ತು ತೆಲುಗಿಗೆ 2008ರಲ್ಲಿ ಸ್ಥಾನ ಸಿಕ್ಕಿದಾಗ ಅದನ್ನು ಪ್ರಶ್ನಿಸಿ ಮದ್ರಾಸ್ ಹೈಕೋರ್ಟಿಗೆ ಅರ್ಜಿ ಹೋಯಿತು; ಅದು ಇತ್ಯರ್ಥವಾದದ್ದು 2016ರಲ್ಲಿ. ಸ್ಥಾನದ ಜೊತೆ ಅಧ್ಯಯನ ಕೇಂದ್ರ, ಪೀಠ, ಅನುದಾನ ಬರುತ್ತವೆ. ಹೀಗಿರುವಾಗ ಶಾಸನವೊಂದರ ಕಾಲವನ್ನು ಐವತ್ತು ವರ್ಷ ಈಚೆಗೆ ತಂದವರು ವಿದ್ವಾಂಸರಾಗಿ ಕಾಣುವುದಿಲ್ಲ, ಭಾಷೆಯ ಆಸ್ತಿ ಕರಗಿಸಿದವರಾಗಿ ಕಾಣುತ್ತಾರೆ. ಕೀಳಡಿ ಉತ್ಖನನದ ವರದಿಯನ್ನು ತಿದ್ದುವಂತೆ ಪುರಾತತ್ವ ಇಲಾಖೆ 2025ರಲ್ಲಿ ವಾಪಸ್ ಕಳಿಸಿದಾಗಲೂ ಅಷ್ಟೇ. ಪದರಗಳ ಕಾಲನಿರ್ಣಯದ ತಾಂತ್ರಿಕ ಚರ್ಚೆ ಒಂದೇ ದಿನದಲ್ಲಿ ದೆಹಲಿ-ಚೆನ್ನೈ ಜಗಳವಾಯಿತು.

ಎಲ್ಲವನ್ನೂ ಮೊಬೈಲ್ ಮೇಲೆ ಹೊರಿಸುವಂತೆಯೂ ಇಲ್ಲ. ಶಾಸನ ವಿದ್ವಾಂಸ ಎಂ.ಎಂ. ಕಲಬುರ್ಗಿ 1989ರಲ್ಲಿ, 'ಮಾರ್ಗ'ದ ಮೊದಲ ಸಂಪುಟದಲ್ಲಿ ಬರೆದ ಮಾತುಗಳಿಗಾಗಿ ಒತ್ತಡಕ್ಕೆ ಮಣಿದು ಅವನ್ನು ಹಿಂದಕ್ಕೆ ಪಡೆಯಬೇಕಾಯಿತು. ಅಂದು ತಾನು ಬೌದ್ಧಿಕವಾಗಿ ಆತ್ಮಹತ್ಯೆ ಮಾಡಿಕೊಂಡೆ ಎಂದು ಅವರೇ ಹೇಳಿಕೊಂಡರು. ಆಗ ವಾಟ್ಸಾಪ್ ಇರಲಿಲ್ಲ. ಈಗಿನ ವ್ಯತ್ಯಾಸ ಎಂದರೆ, ಅಷ್ಟು ದೊಡ್ಡ ವಿದ್ವಾಂಸರಿಗೆ ಬಂದ ಒತ್ತಡ ಮೊದಲ ಬಾರಿ ಅನುಮಾನ ಕೇಳುವ ಇಪ್ಪತ್ತರ ಹುಡುಗನಿಗೂ ಬರುತ್ತದೆ. ಅವನು ಸುಮ್ಮನಾಗುತ್ತಾನೆ, ಅಥವಾ ಗುಂಪು ಬಿಡುತ್ತಾನೆ. ಉಳಿದವರೆಲ್ಲ ಒಪ್ಪುವವರೇ ಆಗಿರುವುದರಿಂದ ಎಲ್ಲರೂ ಒಪ್ಪಿದ್ದಾರೆ ಎಂಬ ಭಾವನೆ ಗಟ್ಟಿಯಾಗುತ್ತದೆ.

ಎದುರು ಉದಾಹರಣೆಯೂ ಇದೆ. ಪುಣೆಯ ರಾ.ಚಿಂ. ಢೇರೆ ಪಂಢರಪುರದ ವಿಠ್ಠಲನ ಕರ್ನಾಟಕದ ನಂಟನ್ನು ಮರಾಠಿಯಲ್ಲೇ, ಮರಾಠಿಗರಿಗಾಗಿಯೇ ಬರೆದರು. 'ಶ್ರೀ ವಿಠ್ಠಲ್: ಏಕ್ ಮಹಾಸಮನ್ವಯ್' ಕೃತಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಾರಿಗೆ ಹೋಗುವವರ ಸಂಖ್ಯೆಯೇನೂ ಇದರಿಂದ ಇಳಿಯಲಿಲ್ಲ.

ಇತ್ತ ಕಲ್ಲಿನಿಂದ ಕಾಗದಕ್ಕೆ ಇಳಿದ ಶಾಸನಗಳೂ ಪಾಲಾಗುತ್ತಿವೆ. ಪುರಾತತ್ವ ಇಲಾಖೆಯ ಶಾಸನ ವಿಭಾಗ 1966ರಲ್ಲಿ ಊಟಿಯಿಂದ ಮೈಸೂರಿಗೆ ಬಂದಿತ್ತು. ಅಲ್ಲಿರುವ ತಮಿಳು ಶಾಸನಗಳ ಪಡಿಯಚ್ಚುಗಳನ್ನು ಚೆನ್ನೈಗೆ ಸಾಗಿಸಬೇಕೆಂದು 2021ರಲ್ಲಿ ಮದ್ರಾಸ್ ಹೈಕೋರ್ಟಿನ ಮಧುರೈ ಪೀಠ ಆದೇಶಿಸಿತು. ತಮ್ಮ ಭಾಷೆಯ ದಾಖಲೆ ತಮ್ಮ ಹತ್ತಿರ ಇರಬೇಕೆಂಬ ಬೇಡಿಕೆಯಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಗೊಮ್ಮಟನ ಕಾಲ ಬಳಿಯಂಥ, ಮೂರು ಭಾಷೆ ಒಟ್ಟಿಗಿರುವ ಬರಹಗಳ ಪಡಿಯಚ್ಚು ಯಾವ ಊರಿನ ಕಪಾಟಿಗೆ ಸೇರಬೇಕು?