ರೊಕ್ಕ ನಮ್ಮದು, ರಿಪೋರ್ಟ್ ಅವರದು

ಹಿರೇಕೆರೂರಿನ ನಮ್ಮ ಮನೆ ಮೇಲೊಂದು ಮಹಡಿ ಕಟ್ಟಿಸೋಣ ಅಂತ ಅಪ್ಪ, ನಾನು ಸೇರಿ ಗೃಹಸಾಲಕ್ಕೆ ಅರ್ಜಿ ಹಾಕಿದ್ದೆವು. ಬ್ಯಾಂಕು ಕಳಿಸಿದ ವ್ಯಾಲ್ಯುಯರ್ ಹನ್ನೆರಡೇ ನಿಮಿಷ ಇದ್ದ. ಬಾಗಿಲಿನ ಫೋಟೊ, ರಸ್ತೆಯ ಫೋಟೊ, ಬಾಗಿಲಲ್ಲಿ ನಿಂತ ಅಪ್ಪನ ಫೋಟೊ. "ಹಿತ್ತಲದಾಗ ಬೋರ್ ಐತ್ರಿ, ಹಿಂದ ಎರಡು ಖೋಲಿ ಹೊಸದಾಗಿ ಕಟ್ಟೇವಿ, ನೋಡ್ತೀರೇನ್ರಿ ಸಾಹೇಬ್ರ?" ಅಂದರು ಅಪ್ಪ. "ಗೊತ್ತಾತು ಬಿಡ್ರಿ ಯಜಮಾನ್ರ" ಅಂದವನೇ ಬೈಕ್ ಹತ್ತಿದ.

ವಾರದ ಮೇಲೆ ಬೆಂಗಳೂರಲ್ಲಿದ್ದ ನನಗೆ ಫೋನು: ವ್ಯಾಲ್ಯುಯೇಶನ್ ಕಡಿಮೆ ಬಂದಿದೆ, ಕೇಳಿದಷ್ಟು ಸಾಲ ಆಗಲ್ಲ. ರಿಪೋರ್ಟ್ ಕಳಿಸಿ ಅಂದೆ. "ಅದು ಬ್ಯಾಂಕಿನ ಒಳಗಿನ ದಾಖಲೆ ಸರ್, ಕೊಡೋಕಾಗಲ್ಲ." ಆ ದಾಖಲೆಯ ಶುಲ್ಕವನ್ನು ಮಾತ್ರ ನನ್ನ ಖಾತೆಯಿಂದ ಮುರಿದುಕೊಂಡಿದ್ದರು!

ಆ ಒಂದು ಅಂಕಿ ಎಷ್ಟು ದೂರ ಹೋಗುತ್ತೆ ನೋಡಿ. ಆರ್‌ಬಿಐ ನಿಯಮದಂತೆ 30 ಲಕ್ಷದವರೆಗಿನ ಗೃಹಸಾಲ ಮನೆಯ ಮೌಲ್ಯದ ಶೇ. 90 ದಾಟುವಂತಿಲ್ಲ. ಸರಿ, ಆದರೆ ಮೌಲ್ಯ ಅಂದರೆ ಆ ಹನ್ನೆರಡು ನಿಮಿಷ. ನಾಳೆ ಕಂತು ತಪ್ಪಿತು ಅಂದುಕೊಳ್ಳಿ. 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ದಾವೆ ಹೂಡದೆಯೇ ಮನೆ ಹರಾಜಿಗಿಡಬಹುದು. ಹರಾಜಿನ ಕನಿಷ್ಠ ಬೆಲೆ ನಿಗದಿ ಮಾಡೋ ಮುಂಚೆಯೂ ಇನ್ನೊಬ್ಬ ವ್ಯಾಲ್ಯುಯರ್ ಬರಲೇಬೇಕು. ಅವನೂ ಬೈಕಿನಿಂದ ಇಳಿಯದೆ ಬರೆದುಕೊಂಡು ಹೋದರೆ? ಮನೆಯೂ ಹೋಯ್ತು, ಸಾಲದಲ್ಲಿ ಉಳಿದ ಬಾಕಿಯೂ ನಿಮ್ಮ ಕೊರಳಿಗೇ.

ಬೆಂಗಳೂರಿನ ಅಪಾರ್ಟ್‌ಮೆಂಟಿಗಾದರೆ ಅದೇ ಕಟ್ಟಡದಲ್ಲಿ ಮಾರಾಟವಾದ ಇನ್ನೊಂದು ಫ್ಲ್ಯಾಟಿನ ಬೆಲೆ ಸಿಗುತ್ತೆ. ನಮ್ಮ ಓಣಿಯಲ್ಲಿ ಮನೆ ಮಾರೋದೇ ಅಪರೂಪ. ಹೋಲಿಸೋಕೆ ಏನೂ ಇಲ್ಲದ ಕಡೆ ವ್ಯಾಲ್ಯುಯರ್ ಹೆಚ್ಚು ಹೊತ್ತು ನಿಲ್ಲಬೇಕು, ನಮ್ಮಲ್ಲಿ ಉಲ್ಟಾ.

ಗಿರಾಕಿಗೆ ರಿಪೋರ್ಟ್ ತೋರಿಸಿದರೆ ಬರೀ ಜಗಳ ಅಂತಾನೆ ಬ್ಯಾಂಕಿನಲ್ಲಿರೋ ನನ್ನ ಗೆಳೆಯ. ಆಗಲಿ ಬಿಡಿ, ತಪ್ಪು ಇದ್ದಲ್ಲಿ ಜಗಳ ಆಗಲೇಬೇಕು. ಅಮೆರಿಕದಲ್ಲಿ 2014ರಿಂದ ಗೃಹಸಾಲದ ಅರ್ಜಿದಾರರಿಗೆ ವ್ಯಾಲ್ಯುಯೇಶನ್ ಪ್ರತಿಯನ್ನು ಪುಕ್ಕಟೆಯಾಗಿ, ಸಾಮಾನ್ಯವಾಗಿ ಸಾಲ ಪಕ್ಕಾ ಆಗುವ ಮೂರು ಕೆಲಸದ ದಿನ ಮೊದಲೇ ಕೊಡಬೇಕು. ಅದರಿಂದ ಅಲ್ಲಿ ಸಾಲ ಕೊಡೋದೇನೂ ನಿಂತಿಲ್ಲ. ನಮ್ಮ ಆರ್‌ಬಿಐಗೂ ಮನಸ್ಸು ಮಾಡಿದರೆ ಬರುತ್ತೆ: ಸಾಲ ತೀರಿದ 30 ದಿನದೊಳಗೆ ಮನೆಪತ್ರ ವಾಪಸ್ ಕೊಡದಿದ್ದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅಂತ 2023ರಲ್ಲಿ ಹೇಳಿದ್ದು ಅದೇ ಅಲ್ಲವೇ? ಹಾಗೆಯೇ ಹೇಳಲಿ: ರಿಪೋರ್ಟಿನ ಪ್ರತಿ ಕೊಡಿ, ಯಾವ ಮಾರಾಟದ ಜೊತೆ ಹೋಲಿಸಿದಿರಿ ಬರೆಯಿರಿ, ಮನೆಯೊಳಗೆ ಕಾಲಿಟ್ಟಿರೋ ಇಲ್ಲವೋ ಅದನ್ನೂ ಬರೆದು ಸಹಿ ಹಾಕಿ.

"ಬೋರ್ ಬರಕೊಂಡಾನೇನೋ ಆತ?" ಅಂತ ಅಪ್ಪ ಫೋನಿನಲ್ಲಿ ಮತ್ತೆ ಮತ್ತೆ ಕೇಳ್ತಾರೆ. ಎರಡನೇ ವ್ಯಾಲ್ಯುಯೇಶನ್‌ಗೆ ಅರ್ಜಿ ಕೊಟ್ಟಿದ್ದೇನೆ. ಅದರ ಶುಲ್ಕವನ್ನೂ ನಾನೇ ಕಟ್ಟಬೇಕಂತೆ.