ಮೂಳೆಯ ಸಾಕ್ಷಿ

ಆಳುವವರು ದರೋಡೆಕೋರನೆಂದು ಕರೆದವನ ಮರಣದ ಸುತ್ತ ದಂತಕಥೆಗಳು ಹುಟ್ಟಿಕೊಳ್ಳುವುದುಂಟು. ಅಮೆರಿಕದ ದರೋಡೆಕೋರ ಜೆಸ್ಸಿ ಜೇಮ್ಸ್ 1882ರಲ್ಲಿ ಗುಂಡೇಟಿನಿಂದ ಸತ್ತನು. ಸತ್ತವನು ಬೇರೊಬ್ಬನೆಂಬ ವದಂತಿ ನೂರು ವರ್ಷ ಕಳೆದರೂ ಅಳಿಯಲಿಲ್ಲ. 1995ರಲ್ಲಿ ವಿಜ್ಞಾನಿಗಳು ಸಮಾಧಿಯನ್ನು ಅಗೆದು, ಹಲ್ಲಿನಲ್ಲಿ ಉಳಿದಿದ್ದ ಮೈಟೊಕಾಂಡ್ರಿಯದ ಡಿ.ಎನ್.ಎ.ಯನ್ನು ಅವನ ಸೋದರಿಯ ಸಂತತಿಯವರ ಡಿ.ಎನ್.ಎ.ಯೊಡನೆ ಹೋಲಿಸಿದರು. ಎರಡೂ ಹೊಂದಿದವು, ವದಂತಿಗೆ ಆಧಾರವಿಲ್ಲದಾಯಿತು.

ಈ ಡಿ.ಎನ್.ಎ. ತಾಯಿಯಿಂದಲೇ ಮಕ್ಕಳಿಗೆ ಬರುತ್ತದೆ. ತಾಯಿಯ ಬಳಿಯನ್ನೇ ವಂಶವೆಂದು ಎಣಿಸಿದ ಅಳಿಯಸಂತಾನದ ನಾಡಿಗೆ, ಬೆಳುವಾಯಿ, ಬಂಟ್ವಾಳಗಳ ಹಿರಿಯರಿಗೆ, ಈ ತತ್ತ್ವ ಹೊಸದೆನಿಸದು.

ಇದೇ ತುಳುನಾಡಿನಲ್ಲಿ 1837ರಲ್ಲಿ ಕಂಪನಿ ಸರಕಾರದ ವಿರುದ್ಧ ಸುಳ್ಯದಿಂದ ಹೊರಟ ದಂಡು ಮಂಗಳೂರನ್ನು ಹಿಡಿಯಿತು. ಅದರೊಡನೆ ಸೇರಿದ್ದ ನಂದಾವರದ ಲಕ್ಷ್ಮಪ್ಪ ಬಂಗರಸನನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು. ಆ ಹೋರಾಟವು ‘ಕಲ್ಯಾಣಪ್ಪನ ಕಾಟಕಾಯಿ’ ಎಂದು, ಬರಿಯ ಕೊಳ್ಳೆಯೆಂಬಂತೆ, ಬಹುಕಾಲ ಜನರ ಬಾಯಲ್ಲಿ ಉಳಿಯಿತು.

ಮೂಳೆ ಯಾರದು, ಸಾವು ಹೇಗೆ ಸಂಭವಿಸಿತು ಎಂಬುದನ್ನು ವಿಜ್ಞಾನ ತಿಳಿಸಬಲ್ಲದು. ಆ ನೆರವನ್ನು ಚರಿತ್ರಕಾರರು ಅವಶ್ಯ ಪಡೆಯಬೇಕು. ಆದರೆ ನೇಣಿಗೇರಿದವನು ಕೊಳ್ಳೆಗಾರನೋ, ನಾಡಿಗಾಗಿ ಮಡಿದವನೋ ಎಂಬುದನ್ನು ಮೂಳೆ ನುಡಿಯದು. ಬೆಳೆಯ ರೂಪದಲ್ಲಿ ಸಲ್ಲಿಸುತ್ತಿದ್ದ ತೆರಿಗೆಯನ್ನು ಹಣದಲ್ಲೇ ತೆರಬೇಕಾಗಿ ಬಂದ ರೈತನ ಸಂಕಟ ಯಾವ ಹಲ್ಲಿನಲ್ಲಿಯೂ ಉಳಿದಿರುವುದಿಲ್ಲ. ಅದನ್ನರಿಯಲು ಕಂದಾಯದ ಕಡತಗಳನ್ನೂ ಹಿರಿಯರ ನೆನಪುಗಳನ್ನೂ ಒರೆಗೆ ಹಚ್ಚಿ ನೋಡಬೇಕು. ಸತ್ತವನ ಗುರುತನ್ನು ಪ್ರಯೋಗಾಲಯ ಹೇಳಲಿ. ಅವನಿಗೆ ಸಲ್ಲಬೇಕಾದ ನ್ಯಾಯವನ್ನು ಬದುಕಿರುವವರೇ ದೊರಕಿಸಬೇಕು.