ಮಹೇಶ್‌ಚಂದ್ರರ ಹೆಸರು ಎಲ್ಲಿ?

ಭಾರತದ ಚೆಸ್ ಚರಿತ್ರೆ ಶುರುವಾದದ್ದು 1988ರಲ್ಲಿ, ಆನಂದ್ ಗ್ರ್ಯಾಂಡ್‌ಮಾಸ್ಟರ್ ಆದಾಗ. ಈ ವಾರ ಟಿ.ವಿ. ಚರ್ಚೆಯಲ್ಲಿ ತಜ್ಞರೊಬ್ಬರು ಹೀಗೆಂದರು, ಉಳಿದವರು ತಲೆಯಾಡಿಸಿದರು. ಗುಕೇಶ್ ವಿಶ್ವ ಚಾಂಪಿಯನ್ ಆದಾಗಿನಿಂದ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಆನಂದ್ ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಹೇಶ್‌ಚಂದ್ರ ಬ್ಯಾನರ್ಜಿ ಎಂಬ ಹೆಸರನ್ನು ಅಲ್ಲಿ ಒಬ್ಬರೂ ಎತ್ತಲಿಲ್ಲ.

1848ರ ಸುಮಾರು. ಬಂಗಾಳದ ಹಳ್ಳಿಗಾಡಿನಲ್ಲಿ ಸೋಲನ್ನೇ ಕಾಣದ ಬ್ರಾಹ್ಮಣರೊಬ್ಬರಿದ್ದಾರೆ ಎಂಬ ಸುದ್ದಿ ಕಲ್ಕತ್ತ ಚೆಸ್ ಕ್ಲಬ್ಬಿನ ಸದಸ್ಯರೊಬ್ಬರ ಕಿವಿಗೆ ಬಿತ್ತು. ಅವರನ್ನು ಕರೆಸಿ ಬ್ಯಾರಿಸ್ಟರ್ ಜಾನ್ ಕಾಕ್ರೇನ್ ಎದುರು ಕೂರಿಸಿದರು. ಕಾಕ್ರೇನ್ ಲಂಡನ್ನಿನಲ್ಲಿ ಸ್ಟಾಂಟನ್‌ನಂಥವರೊಡನೆ ಆಡಿ ಬಂದವರು. ಮಹೇಶ್‌ಚಂದ್ರರು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು, ಆದರೂ ವರ್ಷಗಟ್ಟಲೆ ಆಡುತ್ತಲೇ ಹೋದರು.

ನಮ್ಮ ಹಳೆಯ ಚದುರಂಗದಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲೂ ಒಂದೇ ಮನೆ. ಆ ಆಟದಲ್ಲಿ ಪಳಗಿದ ಕೈ ಹಲಗೆಯ ನಡುಭಾಗಕ್ಕೆ ಕಾಲಾಳು ನುಗ್ಗಿಸಲು ಅವಸರಪಡುವುದಿಲ್ಲ. ಅಂಚಿನ ಕಡೆಯ ಒಂದು ಕಾಲಾಳನ್ನು ಒಂದು ಮನೆ ಸರಿಸಿ, ಅದರ ಹಿಂದೆ ಒಂಟೆಯನ್ನು ಕೂರಿಸಿ, ದೂರದಿಂದಲೇ ನಡುಭಾಗಕ್ಕೆ ಗುರಿಯಿಡುತ್ತದೆ. 1855ರಲ್ಲಿ ಕಾಕ್ರೇನ್ ಎದುರಿನ ಒಂದು ಆಟದಲ್ಲಿ ಕಪ್ಪು ಕಾಯಿ ಹಿಡಿದ ಮಹೇಶ್‌ಚಂದ್ರರು ಮೊದಲು ಕುದುರೆ ತೆಗೆದರು, ಎರಡನೆಯದಾಗಿ ಆ ಕಾಲಾಳನ್ನು ಸರಿಸಿದರು, ಮೂರನೆಯದಾಗಿ ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ನೂಕಿ ಬಿಳಿಯ ಕೇಂದ್ರಕ್ಕೆ ಸವಾಲೆಸೆದರು. ಬಿಳಿಯರು ನಡುವೆ ಕೋಟೆ ಕಟ್ಟಲಿ, ಆಮೇಲೆ ಒಂಟೆಯಿಂದ ಅದರ ಬುಡ ಅಲ್ಲಾಡಿಸೋಣ ಎಂಬ ಲೆಕ್ಕ. ಆ ಆಟವನ್ನು ಅವರು ಸೋತರು. ಸೋತದ್ದು ಕೊನೆಯ ಹೊಡೆದಾಟದಲ್ಲಿ. ಆರಂಭದ ಯೋಚನೆಯಲ್ಲಿ ತಪ್ಪೇನೂ ಇರಲಿಲ್ಲ.

ಅದೇ ಯೋಚನೆಯನ್ನು 1922ರಲ್ಲಿ ಅರ್ನ್‌ಸ್ಟ್ ಗ್ರುನ್‌ಫೆಲ್ಡ್ ಆಡಿದರು, ವಿಯೆನ್ನಾದಲ್ಲಿ ಅಲೆಖಿನ್‌ರನ್ನೇ ಸೋಲಿಸಿದರು. ಅಂದಿನಿಂದ ಅದು ಗ್ರುನ್‌ಫೆಲ್ಡ್ ಡಿಫೆನ್ಸ್. ಅವರು ಹುಟ್ಟಿದ್ದು 1893ರಲ್ಲಿ, ಕಲ್ಕತ್ತದ ಆಟ ಮುಗಿದು 38 ವರ್ಷಕ್ಕೆ! ಇನ್ನೊಂದು ಸಂಗತಿ ಇದಕ್ಕಿಂತ ನೋಯಿಸುತ್ತದೆ. 1848ರಲ್ಲಿ ಇದೇ ಮಹೇಶ್‌ಚಂದ್ರರ ಮೇಲೆ ಕಾಕ್ರೇನ್ ನಾಲ್ಕನೇ ನಡೆಗೇ ಕುದುರೆ ಬಲಿಕೊಟ್ಟು ಆಡಿದರು. ಅದು ಇಂದಿಗೂ ಕಾಕ್ರೇನ್ ಗ್ಯಾಂಬಿಟ್. 1999ರಲ್ಲಿ ಟೊಪಾಲೊವ್ ಅದನ್ನು ಕ್ರಾಮ್ನಿಕ್ ಮೇಲೆ ಪ್ರಯೋಗಿಸಿದರು. ಹಲಗೆ ಒಂದೇ, ಕೂತವರು ಇಬ್ಬರು, ಹೆಸರು ಉಳಿದದ್ದು ಒಬ್ಬರದು. ಕಾಕ್ರೇನ್ ಮೇಲೆ ನನ್ನ ದೂರಿಲ್ಲ. ಆ ಆಟಗಳು ಬರಹದಲ್ಲಿ ಉಳಿದು ಲಂಡನ್ನಿನ ಪತ್ರಿಕೆಗಳಲ್ಲಿ ಅಚ್ಚಾದದ್ದು ಅವರ ದೆಸೆಯಿಂದ. ನಮ್ಮವರು ಆಡಿದರು, ಬರೆದಿಡಲಿಲ್ಲ. ಬರೆದಿಟ್ಟವರನ್ನಾದರೂ ನೆನೆಯುತ್ತೇವೆಯೇ? ಅದೇ ಕಾಲಕ್ಕೆ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆ ನಡೆಯ ಬಂಧಗಳನ್ನು ರಚಿಸುತ್ತಿದ್ದರು. ಅವರ ಹೆಸರೂ ಆ ಚರ್ಚೆಯಲ್ಲಿ ಬರಲಿಲ್ಲ. ನೆನಪು ಬಂದರೂ ತಡವಾಗಿ: ಕಾಪಾಬ್ಲಾಂಕಾರನ್ನು ಸೋಲಿಸಿದ, ಮೂರು ಬಾರಿ ಬ್ರಿಟಿಷ್ ಚಾಂಪಿಯನ್ ಆದ ನಮ್ಮ ಸುಲ್ತಾನ್ ಖಾನ್ 1966ರಲ್ಲಿ ತೀರಿಕೊಂಡರು. ವಿಶ್ವ ಚೆಸ್ ಸಂಸ್ಥೆ ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪಟ್ಟ ಕೊಟ್ಟದ್ದು 2024ರಲ್ಲಿ.

ಬೆಂಗಳೂರಿನ ಕೋಚಿಂಗ್ ಕ್ಲಾಸುಗಳಲ್ಲಿ ಪುಟ್ಟ ಮಕ್ಕಳಿಗೂ ಗ್ರುನ್‌ಫೆಲ್ಡ್ ಕಲಿಸುತ್ತಾರೆ. 1855ರ ಆ ಆಟವನ್ನು ಹಲಗೆಯ ಮೇಲೆ ತೋರಿಸಲು ಹತ್ತು ನಿಮಿಷ ಸಾಕು. ಸಾವಿರಗಟ್ಟಲೆ ಫೀಸು ಎಣಿಸಿಕೊಂಡೂ ಅಷ್ಟಕ್ಕೆ ಪುರುಸೊತ್ತಿಲ್ಲದವರು, ತಮ್ಮ ಬೇಸಿಗೆ ಶಿಬಿರದ ಬ್ಯಾನರಿನಿಂದ ‘ಚದುರಂಗದ ತವರು ಭಾರತ’ ಎಂಬ ಸಾಲನ್ನು ಮೊದಲು ತೆಗೆಸಲಿ.